ತಟ್ಟೆಯಲ್ಲಿ ಸತ್ತ ಕ್ಯಾನ್ಸರ್ ಕೋಶ, ಅಕ್ಕನಿಗೆ ಔಷಧವಾದೀತೇ?

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಪುಣೆಯ ಕೊಥ್ರೂಡ್‌ನಲ್ಲಿ ನೆಲೆಸಿದ್ದೇವೆ. ಊರಿನಲ್ಲಿರುವ ನನ್ನ ಅಕ್ಕನಿಗೆ ಸ್ತನದ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ ಮುಗಿದಿದೆ, ಈಗ ಟ್ಯಾಮೊಕ್ಸಿಫೆನ್ ಮಾತ್ರೆ ನಡೆದಿದೆ. ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಪತ್ರಿಕೆಯ ತುಣುಕೊಂದು ಓಡಾಡುತ್ತಿದೆ. ನಮ್ಮ ಕಡೆ ಬೇಲಿಯಲ್ಲಿ ಬೆಳೆಯುವ ಗಿಡವೊಂದರ ಎಲೆಯ ಸಾರ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಅರ್ಧದಷ್ಟನ್ನು 48 ಗಂಟೆಗಳಲ್ಲಿ ಕೊಂದಿತಂತೆ, ಪ್ರಮಾಣ ಮಿಲಿಲೀಟರಿಗೆ 100 ಮೈಕ್ರೋಗ್ರಾಂ. ಅಕ್ಕ ಕಷಾಯ ಕುಡಿಯಲು ಹೊರಟಿದ್ದಾಳೆ. ಪುಣೆಯಲ್ಲೇ ಕೋಶ ಬೆಳೆಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ಮಗಳು ಬೇಡವೆನ್ನುತ್ತಾಳೆ, ಆದರೆ ಬಿಡಿಸಿ ಹೇಳಲು ಅವಳಿಗೆ ಪುರುಸೊತ್ತಿಲ್ಲ. ಭಾನುವಾರವೂ ಲ್ಯಾಬ್‌ಗೆ ಓಡುತ್ತಾಳೆ. ಆ ತುಣುಕನ್ನು ನಂಬಬಹುದೇ? ಅವಳ ಕೆಲಸದಿಂದ ಮನೆಗೆ ರೋಗ ಬರುವ ಭಯವಿದೆಯೇ? ಭಾನುವಾರದ ಓಟ ತಪ್ಪಿಸಲು ದಾರಿ ಇಲ್ಲವೇ?

ಉತ್ತರ: ಮೊದಲು ತುರ್ತಿನ ಮಾತು. ಅಕ್ಕನವರು ಕಷಾಯ ಶುರು ಮಾಡಿಬಿಟ್ಟಿದ್ದರೆ ಇವತ್ತೇ ನಿಲ್ಲಿಸಲಿ. ಎಷ್ಟು ದಿನ, ಎಷ್ಟು ಲೋಟ ಕುಡಿದರು ಎಂಬುದನ್ನು ತಮ್ಮ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಲಿ. ಟ್ಯಾಮೊಕ್ಸಿಫೆನ್ ನುಂಗಿದ ರೂಪದಲ್ಲೇ ಪೂರ್ತಿ ಕೆಲಸ ಮಾಡುವ ಔಷಧವಲ್ಲ. ಯಕೃತ್ತಿನ ಕಿಣ್ವಗಳು ಅದನ್ನು ಎಂಡಾಕ್ಸಿಫೆನ್ ಎಂಬ ರೂಪಕ್ಕೆ ತಿರುಗಿಸಿದ ಮೇಲೆಯೇ ಅದಕ್ಕೆ ನಿಜವಾದ ಬಲ ಬರುತ್ತದೆ. ಗಿಡಮೂಲಿಕೆಯ ಸಾರಗಳು ಈ ಕಿಣ್ವಗಳ ಕೆಲಸದಲ್ಲಿ ಕೈಹಾಕಬಲ್ಲವು. ನೆದರ್‌ಲ್ಯಾಂಡ್ಸ್‌ನಿಂದ 2019ರಲ್ಲಿ ಬಂದ ಅಧ್ಯಯನವೊಂದರಲ್ಲಿ ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುತ್ತಿದ್ದ ರೋಗಿಗಳಿಗೆ ಅರಿಶಿನದ ಸತ್ವವಾದ ಕರ್ಕ್ಯುಮಿನ್ ಮತ್ತು ಕರಿಮೆಣಸಿನ ಸತ್ವವಾದ ಪೈಪರೀನ್ ಎರಡನ್ನೂ ಮಾತ್ರೆಯಾಗಿ ಕೊಟ್ಟಾಗ, ರಕ್ತದಲ್ಲಿ ಎಂಡಾಕ್ಸಿಫೆನ್‌ನ ಮಟ್ಟ ಇಳಿದದ್ದು ಕಂಡುಬಂತು. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಬಗ್ಗೆ ನಾನು ಹೇಳುತ್ತಿಲ್ಲ, ಅದನ್ನು ನಿಶ್ಚಿಂತೆಯಿಂದ ತಿನ್ನಲಿ. ಆದರೆ ಭಟ್ಟಿ ಇಳಿಸಿದ, ಕುದಿಸಿ ಗಟ್ಟಿ ಮಾಡಿದ ಸಾರ ಬೇರೆ ಲೆಕ್ಕ. ಕ್ಯಾನ್ಸರ್ ಮರುಕಳಿಸದಂತೆ ಕಾಯುತ್ತಿರುವ ಮಾತ್ರೆಯ ಬಲವನ್ನು ಬೇಲಿಯ ಗಿಡವೊಂದು ಕುಗ್ಗಿಸಿದರೆ, ಅದು ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ.

ಗಿಡದ ಹೆಸರನ್ನು ನಿಮ್ಮ ಪತ್ರದಿಂದ ಬೇಕೆಂದೇ ತೆಗೆದಿದ್ದೇನೆ. ಅಚ್ಚಾದರೆ ನಾಳೆಯಿಂದ ಯಾವ ಬೇಲಿಯಲ್ಲೂ ಒಂದು ಎಲೆ ಉಳಿಯಲಿಕ್ಕಿಲ್ಲ.

ಇನ್ನು ಆ ತುಣುಕಿನ ವಿಚಾರ. ಸುದ್ದಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅಂಥ ಪ್ರಯೋಗ ನಡೆದಿರುತ್ತದೆ, ಅಂಥ ಅಂಕಿಯೂ ಬಂದಿರುತ್ತದೆ. ದೇಶದ ನೂರಾರು ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಮಾಡುವ ಪ್ರಯೋಗವೇ ಇದು. ಪ್ರಯೋಗ ಏನನ್ನು ಅಳೆಯಿತು, ಪತ್ರಿಕೆ ಏನೆಂದು ಬರೆಯಿತು ಎಂಬುದರ ನಡುವೆ ಮಾತ್ರ ದೊಡ್ಡ ಕಂದಕವಿದೆ.

ಎಂಸಿಎಫ್-7 ಯಾರ ಕೋಶ ಎಂಬುದರಿಂದ ಶುರು ಮಾಡೋಣ. 1970ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಮಿಶಿಗನ್ ಕ್ಯಾನ್ಸರ್ ಫೌಂಡೇಶನ್ ಎಂಬ ಸಂಸ್ಥೆಯವರು 69 ವರ್ಷದ ಕ್ರೈಸ್ತ ಸನ್ಯಾಸಿನಿಯೊಬ್ಬರ ಎದೆಗೂಡಿನಲ್ಲಿ ತುಂಬಿಕೊಂಡಿದ್ದ ನೀರನ್ನು ತೆಗೆದು, ಅದರಲ್ಲಿದ್ದ ಕ್ಯಾನ್ಸರ್ ಕೋಶಗಳನ್ನು ಬೆಳೆಸಿದರು. ಸಂಸ್ಥೆಯ ಹೆಸರಿನ ಮೊದಲಕ್ಷರಗಳೇ ಕೋಶದ ಹೆಸರಾದವು. 1973ರಲ್ಲಿ ವಿವರ ಪ್ರಕಟವಾಯಿತು. ಆಕೆ ತೀರಿಕೊಂಡು ಅರ್ಧ ಶತಮಾನ ಕಳೆದಿದೆ, ಆದರೆ ಆಕೆಯ ಕೋಶಗಳ ಸಂತತಿ ಲೋಕದ ಎಲ್ಲ ಮೂಲೆಗಳಲ್ಲೂ ಇನ್ನೂ ಒಡೆದು ಎರಡಾಗುತ್ತಲೇ ಇದೆ. ಸಾಮಾನ್ಯ ಕೋಶಕ್ಕೆ ಈ ಯೋಗವಿಲ್ಲ. ಮನುಷ್ಯನ ಚರ್ಮದಂಥ ಭಾಗದಿಂದ ತೆಗೆದ ಆರೋಗ್ಯವಂತ ಕೋಶಗಳು ಸುಮಾರು 40ರಿಂದ 60 ಬಾರಿ ಒಡೆದು ನಿಂತುಬಿಡುತ್ತವೆ ಎಂದು ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲೇ ತೋರಿಸಿದ್ದರು. ಎಂಸಿಎಫ್-7ಕ್ಕೆ ಆ ಕಟ್ಟಳೆ ಇಲ್ಲ.

ಇಷ್ಟು ಕಾಲ ಪ್ಲಾಸ್ಟಿಕ್ಕಿನ ಮೇಲೆ ಬದುಕಿದ ಕೋಶ ಮೊದಲಿನಂತೆಯೇ ಉಳಿದೀತೇ? ಈ ಅನುಮಾನಕ್ಕೆ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಉತ್ತರ ಕೊಟ್ಟಿತು. ಬೇರೆ ಬೇರೆ ಕಡೆಯಿಂದ ತಂದ ಎಂಸಿಎಫ್-7ರ 27 ತಳಿಗಳನ್ನು ಪಕ್ಕಪಕ್ಕದಲ್ಲಿಟ್ಟು 321 ಔಷಧವಸ್ತುಗಳನ್ನು ಪ್ರಯೋಗಿಸಿದರು. ಕೆಲವು ತಳಿಗಳನ್ನು ಬಲವಾಗಿ ತಡೆದ ವಸ್ತುಗಳಲ್ಲಿ ಕನಿಷ್ಠ ಮುಕ್ಕಾಲು ಪಾಲು ಇನ್ನು ಕೆಲವು ತಳಿಗಳ ಮೇಲೆ ಏನೂ ಮಾಡಲಿಲ್ಲ. ಹೆಸರು ಒಂದೇ, ಮೂಲ ಒಬ್ಬಾಕೆಯೇ, ಆದರೂ ಔಷಧಕ್ಕೆ ಕೊಟ್ಟ ಪ್ರತಿಕ್ರಿಯೆ ಬೇರೆ. ನಿಮ್ಮ ಅಕ್ಕನವರ ಗಡ್ಡೆಗೂ ಡೆಟ್ರಾಯಿಟ್‌ನ ಆ ಕೋಶಗಳಿಗೂ ಎಷ್ಟು ದೂರ ಎಂದು ಇದರ ಮೇಲೆ ನೀವೇ ಅಂದಾಜು ಮಾಡಿ. ಹೆಸರೇ ತಪ್ಪಾದ ಉದಾಹರಣೆಗಳೂ ಇವೆ. ಎಂಡಿಎ-ಎಂಬಿ-435 ಎಂಬ ಕೋಶವನ್ನು ವರ್ಷಗಟ್ಟಲೆ ಸ್ತನ ಕ್ಯಾನ್ಸರಿನದೆಂದು ಬಳಸಿ ರಾಶಿ ಪ್ರಬಂಧಗಳನ್ನು ಬರೆದರು. ಕೊನೆಗೆ ಡಿಎನ್‌ಎ ನೋಡಿದರೆ ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಕೋಶ. ಅದಕ್ಕೇ ಕೋಶಗಳನ್ನು ಪಕ್ಕದ ಲ್ಯಾಬ್‌ನ ಸ್ನೇಹಿತರಿಂದ ಕೈಗಡ ತರದೆ, ಗುರುತು ಪರೀಕ್ಷೆಯಾದ ಭಂಡಾರದಿಂದಲೇ ತರಿಸಬೇಕೆನ್ನುವುದು. ಅಂಥ ಭಂಡಾರ ನಿಮ್ಮ ಊರಿನಲ್ಲೇ ಇದೆ: ವಿಶ್ವವಿದ್ಯಾಲಯದ ಆವರಣದಲ್ಲಿ, ಗಣೇಶಖಿಂಡ್‌ನಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ. 1986ರಲ್ಲಿ ಅದನ್ನು ಸ್ಥಾಪಿಸಿದ್ದೇ ದೇಶದ ಸಂಶೋಧಕರಿಗೆ ಕೋಶಗಳನ್ನು ಕಾಪಿಟ್ಟು ಒದಗಿಸಲು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕೋಶಗಳು ಅಲ್ಲಿ ವರ್ಷಾನುಗಟ್ಟಲೆ ಇರುತ್ತವೆ.

ಈಗ ನಿಮ್ಮ ಮಗಳ ಕೆಲಸ. ಕೋಶಗಳು ಇರುವುದು ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆಯಲ್ಲಿ, 37 ಡಿಗ್ರಿ ಬಿಸಿಯಲ್ಲಿ, ಒದ್ದೆ ಗಾಳಿಯಲ್ಲಿ. ಆ ಗಾಳಿಯಲ್ಲಿ ನೂರಕ್ಕೆ 5 ಪಾಲು ಇಂಗಾಲದ ಡೈಆಕ್ಸೈಡ್. ಈ ಅನಿಲ ಕೋಶಗಳ ಉಸಿರಾಟಕ್ಕಲ್ಲ. ಕೋಶಗಳು ಮುಳುಗಿರುವ ದ್ರವದಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಅದರೊಂದಿಗೆ ಸೇರಿ ಆಮ್ಲೀಯತೆಯನ್ನು ರಕ್ತದಷ್ಟೇ, ಅಂದರೆ ಪಿಎಚ್ 7.4ರ ಸುತ್ತ ಹಿಡಿದಿಡಲು ಬಿಡುತ್ತಾರೆ. ದ್ರವದಲ್ಲಿ ಸಕ್ಕರೆ, ಲವಣ, ಅಮೈನೋ ಆಮ್ಲ, ಜೀವಸತ್ವಗಳ ಜೊತೆ ಸಾಮಾನ್ಯವಾಗಿ ನೂರಕ್ಕೆ 10ರಷ್ಟು ದನದ ಭ್ರೂಣದ ಸೀರಮ್, ಅಂದರೆ ರಕ್ತದ ತಿಳಿ, ಇರುತ್ತದೆ. ಫೀನಾಲ್ ರೆಡ್ ಎಂಬ ಬಣ್ಣವೂ ಇರುತ್ತದೆ. ಬಾಗಿಲು ತೆಗೆದ ಕೂಡಲೇ ಕಣ್ಣು ಹೋಗುವುದು ಆ ಬಣ್ಣದ ಕಡೆ. ತಿಳಿಗೆಂಪು ಇದ್ದರೆ ಕ್ಷೇಮ. ಹಳದಿಗೆ ತಿರುಗಿದ್ದರೆ ಕೋಶಗಳು ತುಂಬಿ ತುಳುಕಿ ದ್ರವ ಹುಳಿಯಾಗಿದೆ, ಇಲ್ಲವೇ ಬ್ಯಾಕ್ಟೀರಿಯಾ ಹೊಕ್ಕಿದೆ. ಗಾಢ ಗುಲಾಬಿಯಾದರೆ ಅನಿಲದ ಸಿಲಿಂಡರ್ ಖಾಲಿಯಾಗಿರಬಹುದು.

ಈ ಬಣ್ಣಕ್ಕೂ ನಿಮ್ಮ ಅಕ್ಕನ ಮಾತ್ರೆಗೂ ಒಂದು ವಿಚಿತ್ರ ನಂಟಿದೆ. ಎಂಸಿಎಫ್-7 ಕೋಶಗಳು ಈಸ್ಟ್ರೋಜೆನ್ ಹಾರ್ಮೋನಿಗೆ ಸ್ಪಂದಿಸಿ ಬೆಳೆಯುವಂಥವು. ಆ ಹಾರ್ಮೋನಿನ ಬಾಗಿಲಿಗೆ ಟ್ಯಾಮೊಕ್ಸಿಫೆನ್ ಅಡ್ಡ ನಿಂತರೆ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದನ್ನು 1970ರ ದಶಕದ ನಡುವಿನಲ್ಲಿ ಬಿಡಿಸಿ ತೋರಿಸಿದ್ದು ಇದೇ ಕೋಶಗಳ ಮೇಲೆ. ಆದರೆ ಎಷ್ಟೋ ಲ್ಯಾಬ್‌ಗಳಲ್ಲಿ ಹಾರ್ಮೋನನ್ನು ತೆಗೆದರೂ ಕೋಶಗಳು ಬೆಳೆಯುತ್ತಲೇ ಇದ್ದವು. ಯಾಕೆಂದು 1986ರಲ್ಲಿ ಗೊತ್ತಾಯಿತು: ಪಿಎಚ್ ತೋರಿಸಲೆಂದು ಹಾಕುತ್ತಿದ್ದ ಫೀನಾಲ್ ರೆಡ್ಡೇ ಈಸ್ಟ್ರೋಜೆನ್‌ನಂತೆ ವರ್ತಿಸುತ್ತಿತ್ತು. ಮುಂದೆ ಆ ಗುಣ ಬಣ್ಣದ್ದಲ್ಲ, ಅದರಲ್ಲಿ ಬೆರೆತಿದ್ದ ಕಲ್ಮಶದ್ದು ಎಂದು ತಿಳಿಯಿತು. ಈಗ ಹಾರ್ಮೋನಿನ ಕೆಲಸ ಮಾಡುವವರು ಬಣ್ಣವಿಲ್ಲದ ದ್ರವವನ್ನೇ ಬಳಸುತ್ತಾರೆ. ಹೀಗಾಗಿ ಲ್ಯಾಬ್‌ನ ತಟ್ಟೆಯಲ್ಲಿ ಕೋಶ ಬೆಳೆಸಿ ಮಾಡುವ ಪ್ರಯೋಗವನ್ನು ಹಳಿಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಅಕ್ಕ ನುಂಗುತ್ತಿರುವ ಮಾತ್ರೆ ಅರ್ಥವಾದದ್ದೇ ತಟ್ಟೆಯಿಂದ. ಆದರೆ ಅಲ್ಲಿ ಬಣ್ಣವೂ ಮಾತಾಡುತ್ತದೆ, ಗಾಳಿಯೂ ಮಾತಾಡುತ್ತದೆ, ಯಾರ ಮಾತು ಎಂದು ತಿಳಿದುಕೊಳ್ಳುವ ತಾಳ್ಮೆ ಬೇಕು.

ಆ ತಾಳ್ಮೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೀವು ಕಳಿಸಿದ ತುಣುಕೇ ಸಾಕ್ಷಿ. 'ಅರ್ಧದಷ್ಟನ್ನು ಕೊಂದಿತು' ಎಂದು ಹೇಗೆ ತಿಳಿಯಿತು? ಹೆಣ ಎಣಿಸಿ ಅಲ್ಲ. ಇಂಥ ಪ್ರಯೋಗಗಳಲ್ಲಿ ಬಹುಪಾಲು ಎಂಟಿಟಿ ಪರೀಕ್ಷೆಯೇ ಇರುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು. ಒಂದೊಂದರಲ್ಲೂ ಐದಾರು ಸಾವಿರ ಕೋಶಗಳನ್ನು ಬಿತ್ತುತ್ತಾರೆ. ಅವು ತಳಕ್ಕೆ ಅಂಟಿಕೊಳ್ಳಲು ಒಂದು ರಾತ್ರಿ ಬಿಟ್ಟು, ಮರುದಿನ ಸಾರ ಹಾಕುತ್ತಾರೆ. 48 ಗಂಟೆ ಕಳೆದ ಮೇಲೆ ಎಂಟಿಟಿ ಎಂಬ ಹಳದಿ ದ್ರಾವಣ. ಬದುಕಿರುವ ಕೋಶಗಳ ಕಿಣ್ವಗಳು ಅದನ್ನು ನೇರಳೆ ಬಣ್ಣದ ಹರಳುಗಳನ್ನಾಗಿ ಮಾಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳ ಮೇಲೆ ಸೂಜಿಗಳನ್ನು ಚೆಲ್ಲಿದಂತೆ ಕಾಣುತ್ತದೆ. ಮೂರು-ನಾಲ್ಕು ಗಂಟೆ ಬಿಟ್ಟು, ಹರಳುಗಳನ್ನು ಕರಗಿಸಿ, ಯಂತ್ರದಲ್ಲಿಟ್ಟು ನೇರಳೆ ಎಷ್ಟು ಗಾಢವಾಗಿದೆ ಎಂದು ಓದುತ್ತಾರೆ. ಸಾರ ಹಾಕದ ಗುಳಿಗೆ ಹೋಲಿಸಿದರೆ ಬಣ್ಣ ಅರ್ಧವಾಯಿತೇ, 'ಅರ್ಧ ಕೋಶ ಸತ್ತವು'.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ. ಎಂಸಿಎಫ್-7 ಚೆನ್ನಾಗಿ ಬೆಳೆಯುತ್ತಿದ್ದರೆ ಒಂದೂವರೆ ದಿನದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಅಂದರೆ ಸಾರ ಹಾಕದ ಗುಳಿಯಲ್ಲಿ 48 ಗಂಟೆಯ ಹೊತ್ತಿಗೆ ಕೋಶಗಳು ಎರಡು ಪಟ್ಟು ದಾಟಿರುತ್ತವೆ. ಸಾರ ಹಾಕಿದ ಗುಳಿಯಲ್ಲಿ ಒಂದು ಕೋಶವೂ ಸಾಯದೆ, ಒಡೆಯುವುದನ್ನು ಮಾತ್ರ ನಿಲ್ಲಿಸಿದ್ದರೂ ಬಣ್ಣ ಅರ್ಧವೇ ಕಾಣುತ್ತದೆ. ನಿಮ್ಮ ಸುದ್ದಿಯಲ್ಲಿ 'ಕೊಂದಿತು' ಎಂದಿದ್ದದ್ದು ಬರೀ 'ಬೆಳೆಯಲು ಬಿಡಲಿಲ್ಲ' ಎಂದಿರಬಹುದು. ನಿಜಕ್ಕೂ ಸತ್ತವೇ ಎಂದು ತಿಳಿಯಲು ಬೇರೆ ಪರೀಕ್ಷೆಗಳಿವೆ. ಸತ್ತ ಕೋಶದೊಳಗೆ ಮಾತ್ರ ನುಗ್ಗುವ ಟ್ರೈಪಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಎಣಿಸುವುದು ಅದರಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಅದನ್ನೂ ಮಾಡದೆ ಪ್ರಬಂಧ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎಲೆಯ ಸಾರಕ್ಕೇ ಅಂಟಿದ ತೊಡಕುಗಳು ಬೇರೆ. ಎಲೆಗಳಲ್ಲಿ ಪಾಲಿಫೀನಾಲ್‌ಗಳು ಹೇರಳ. ಅವುಗಳಲ್ಲಿ ಹಲವು ಕೋಶ ಬೆಳೆಸುವ ದ್ರವದಲ್ಲಿ ತಾವಾಗಿಯೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ, ಗಾಯ ತೊಳೆಯಲು ಬಳಸುವ ಅದೇ ವಸ್ತು. ಆಗ ಕೋಶವನ್ನು ಕೊಂದದ್ದು ಗಿಡದ ಗುಣವಲ್ಲ, ತಟ್ಟೆಯಲ್ಲಿ ನಡೆದ ರಸಾಯನ. ಕರುಳು, ಯಕೃತ್ತುಗಳನ್ನು ಹಾದುಬರುವ ಔಷಧಕ್ಕೆ ಮೈಯೊಳಗೆ ಆ ಸನ್ನಿವೇಶವೇ ಇಲ್ಲ. ತದ್ವಿರುದ್ಧದ್ದೂ ಆಗುತ್ತದೆ: ಕೆಲವು ಸಾರಗಳು ಕೋಶಗಳ ಹಂಗಿಲ್ಲದೆಯೇ ಎಂಟಿಟಿಯನ್ನು ನೇರಳೆ ಮಾಡಿ, ಸತ್ತದ್ದನ್ನೂ ಬದುಕಿದೆ ಎಂದು ತೋರಿಸುತ್ತವೆ. ಕೋಶವಿಲ್ಲದ ಗುಳಿಯಲ್ಲಿ ಬರೀ ಸಾರ ಹಾಕಿ ನೋಡಿದ್ದಾರೆಯೇ, ಸಾರವನ್ನು ಕರಗಿಸಿದ ದ್ರಾವಕವನ್ನಷ್ಟೇ ಹಾಕಿದ ಗುಳಿಗಳಿದ್ದವೇ ಎಂಬುದು ಮಗಳಿಗೆ ಮೂಲ ಪ್ರಬಂಧ ಸಿಕ್ಕಿದರೆ ಮೊದಲು ಹುಡುಕಬೇಕಾದ ಸಂಗತಿ.

ಹೋಗಲಿ, ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಾರೆ ಎಂದುಕೊಳ್ಳೋಣ. ಆಗ ಉಳಿಯುವುದು ಪ್ರಮಾಣದ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಎಂದರೆ ಲೀಟರಿಗೆ 100 ಮಿಲಿಗ್ರಾಂ. ಮೈಯಲ್ಲಿರುವ ಸುಮಾರು 30 ಲೀಟರ್ ನೀರಿಗೆ ಈ ಮಟ್ಟ ಬರಬೇಕಾದರೆ 3 ಗ್ರಾಂ ಒಣ ಸಾರ ಬೇಕು. ಲೋಟ ಕಷಾಯದಲ್ಲಿ ಅಷ್ಟು ಇದ್ದೀತು ಎನ್ನಬಹುದು ನೀವು. ಆದರೆ ಆ 3 ಗ್ರಾಂ ಒಂದಿಷ್ಟೂ ಜೀರ್ಣವಾಗದೆ, ಒಂದಿಷ್ಟೂ ಮೂತ್ರದಲ್ಲಿ ಹೋಗದೆ, ಪೂರ್ತಿಯಾಗಿ ರಕ್ತ ಸೇರಿ, ಎರಡು ಹಗಲು ಎರಡು ರಾತ್ರಿ ಅಲ್ಲೇ ಕೂತಿರಬೇಕು. ಅರಿಶಿನದ ಕಥೆ ನೋಡಿ. ಕರ್ಕ್ಯುಮಿನ್ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದನ್ನು ಸಾವಿರಾರು ಪ್ರಬಂಧಗಳು ವರ್ಣಿಸಿವೆ. ತೈವಾನ್‌ನಲ್ಲಿ ದಿನಕ್ಕೆ 8 ಗ್ರಾಂವರೆಗೆ ರೋಗಿಗಳಿಗೆ ನುಂಗಿಸಿ ನೋಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಷ್ಟು ನುಂಗಿದವರ ರಕ್ತದಲ್ಲಿ ಅತಿ ಹೆಚ್ಚೆಂದರೆ ಸರಾಸರಿ 1.77 ಮೈಕ್ರೋಮೋಲಾರ್ ಸಿಕ್ಕಿತು. ಅದು ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂಗೂ ಕಡಿಮೆ. ನಿಮ್ಮ ತುಣುಕಿನ 100ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಇನ್ನೊಂದು ಪ್ರಶ್ನೆ ಉಳಿದಿದೆ: ಅದೇ ಸಾರವನ್ನು ಆರೋಗ್ಯವಂತ ಕೋಶಗಳ ಮೇಲೆ ಹಾಕಿದರೆ? ಪತ್ರಿಕೆಗಳು ಇದನ್ನು ಬರೆಯುವುದೇ ಇಲ್ಲ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಕಷ್ಟದ ಕೆಲಸವೇ ಅಲ್ಲ. ಪಾತ್ರೆ ತೊಳೆಯುವ ಸೋಪು, ವಿನಿಗರ್, ಉಪ್ಪು ಹೆಚ್ಚಾದ ನೀರು, ನಾಲ್ಕು ದಿನ ಲಕ್ಷ್ಯ ಕೊಡದೆ ಬಿಟ್ಟ ವಿದ್ಯಾರ್ಥಿ, ಎಲ್ಲರೂ ಕೊಲ್ಲುತ್ತಾರೆ. ಪಕ್ಕದ ಒಳ್ಳೆಯ ಕೋಶವನ್ನು ಉಳಿಸಿ ಕೊಲ್ಲುವುದು ಕಷ್ಟ.

ಹಾಗೆಂದು ಗಿಡದಿಂದ ಔಷಧ ಬರುವುದೇ ಇಲ್ಲವೆಂದು ಹೇಳಿದರೆ ನಮ್ಮ ಸಹ್ಯಾದ್ರಿಯ ಮರವೇ ನನ್ನನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ. ಮರಾಠಿಯವರು ನರಕ್ಯಾ ಎನ್ನುವ ಮರವೊಂದು ಪಶ್ಚಿಮ ಘಟ್ಟದಲ್ಲಿದೆ. ಹೆಸರಿಗೆ ತಕ್ಕಂತೆ ವಾಸನೆ. ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದರು. ಅದು ನಮ್ಮ ನರಕ್ಯಾದಲ್ಲಿ ಅದಕ್ಕಿಂತಲೂ ಹೇರಳವಾಗಿದೆ ಎಂದು 1972ರಲ್ಲಿ ಭಾರತದ ರಸಾಯನ ವಿಜ್ಞಾನಿ ಟಿ. ಆರ್. ಗೋವಿಂದಾಚಾರಿ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ತಟ್ಟೆಯಲ್ಲಿ, ಇಲಿಯಲ್ಲಿ ಅದರ ಬಲ ಅದ್ಭುತವಾಗಿತ್ತು. ರೋಗಿಗಳಿಗೆ ಕೊಟ್ಟರೆ ಮೂತ್ರಕೋಶದಿಂದ ರಕ್ತ ಬರತೊಡಗಿತು, ಪ್ರಯೋಗ ನಿಲ್ಲಿಸಬೇಕಾಯಿತು. ಆ ಅಣುವನ್ನು ತಿದ್ದಿ ತೀಡಿ ಟೊಪೊಟಿಕಾನ್, ಇರಿನೊಟಿಕಾನ್ ಎಂಬ ಎರಡು ಔಷಧಗಳಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯುವ ಹೊತ್ತಿಗೆ 1996 ಬಂದಿತ್ತು. ಮೂವತ್ತು ವರ್ಷ. ಇವತ್ತಿಗೂ ಯಾರೂ ನರಕ್ಯಾದ ಕಷಾಯ ಕುಡಿಯುವುದಿಲ್ಲ, ಕುಡಿಯಲೂಬಾರದು. ಮರಕ್ಕೆ ಸಿಕ್ಕ ಪ್ರತಿಫಲವೆಂದರೆ ಮಹಾರಾಷ್ಟ್ರದ ಕಾಡುಗಳಲ್ಲಿ ಅದನ್ನು ಮಿತಿಮೀರಿ ಕಡಿದದ್ದು. ಗೆದ್ದ ಗಿಡದ ಕಥೆಯೇ ಹೀಗೆ. ಮನುಷ್ಯರ ಮೇಲಿನ ಪರೀಕ್ಷೆಯ ಹಂತ ಮುಟ್ಟಿದ ಕ್ಯಾನ್ಸರ್ ಔಷಧಗಳಲ್ಲೂ ನೂರಕ್ಕೆ 90ಕ್ಕಿಂತ ಹೆಚ್ಚು ಅಲ್ಲೇ ಬಿದ್ದುಹೋಗುತ್ತವೆ. ನಿಮ್ಮ ಬೇಲಿಯ ಗಿಡ ಇನ್ನೂ ಆ ಸಾಲಿನ ಬಾಗಿಲಿಗೂ ಬಂದಿಲ್ಲ.

ಅಕ್ಕನಿಗೆ ಇಷ್ಟೆಲ್ಲ ಹೇಳಬೇಕಿಲ್ಲ. 'ಟ್ಯಾಮೊಕ್ಸಿಫೆನ್ ಕೂಡ ಇದೇ ಕೋಶಗಳ ಪರೀಕ್ಷೆ ದಾಟಿದೆ, ನಿನ್ನಂಥ ಸಾವಿರಾರು ಹೆಣ್ಣುಮಕ್ಕಳ ಮೇಲಿನ ಪರೀಕ್ಷೆಯನ್ನೂ ದಾಟಿದೆ ಅಕ್ಕ, ಎಲೆ ಮೊದಲನೆಯದನ್ನಷ್ಟೇ ದಾಟಿದೆ' ಎನ್ನಿ, ಸಾಕು. ಬೈದು ಬಿಡಿಸಲು ಹೋದರೆ ಕದ್ದು ಕುಡಿಯುತ್ತಾರೆ. ಕದ್ದು ಕುಡಿದದ್ದು ಡಾಕ್ಟರಿಗೆ ಗೊತ್ತಾಗುವುದಿಲ್ಲ.

ಮಗಳಿಂದ ಮನೆಗೆ ರೋಗ ಬರುವುದೇ ಎಂದಿದ್ದೀರಿ. ಕ್ಯಾನ್ಸರ್ ಕೋಶ ಬಟ್ಟೆಗೋ ಕೈಗೋ ತಗಲಿದರೆ ಒಣಗಿ ಸಾಯುತ್ತದೆ. ಮೈಯೊಳಗೆ ಹೋದರೂ ಅದು ಪರರ ಕೋಶವೆಂದು ನಮ್ಮ ರೋಗನಿರೋಧಕ ವ್ಯವಸ್ಥೆ ಗುರುತಿಸಿ ಮುಗಿಸುತ್ತದೆ. ಸೂಜಿ ಚುಚ್ಚಿಕೊಂಡ ಲ್ಯಾಬ್ ಸಹಾಯಕಿಯೊಬ್ಬಳ ಕೈಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳು ಗಂಟಾಗಿ ಬೆಳೆದ ಒಂದು ಪ್ರಕರಣ 1986ರಲ್ಲಿ ವರದಿಯಾಗಿತ್ತು. ಅಷ್ಟು ಅಪರೂಪವಾದ್ದರಿಂದಲೇ ಅದು ಇಂದಿಗೂ ಉದಾಹರಣೆಯಾಗಿ ಉಳಿದಿದೆ. ನಿಜವಾದ ಎಚ್ಚರ ಕೋಶದೊಳಗೆ ಅಡಗಿರಬಹುದಾದ ವೈರಸ್‌ಗಳ ಬಗ್ಗೆ. ಅದಕ್ಕಾಗಿ ಮನುಷ್ಯನ ಕೋಶಗಳನ್ನು ಎರಡನೆಯ ಹಂತದ ಜೈವಿಕ ಸುರಕ್ಷತೆಯಲ್ಲಿ, ಕೈಗವಸು ತೊಟ್ಟು, ಸೋಸಿದ ಗಾಳಿ ಹರಿಯುವ ಪೆಟ್ಟಿಗೆಯೊಳಗೇ ಮುಟ್ಟುತ್ತಾರೆ. ಅಪಾಯ ಹೆಚ್ಚಾಗಿ ಎದುರು ದಿಕ್ಕಿನದು. ನಮ್ಮ ಬಾಯಿ, ಗಂಟಲುಗಳಲ್ಲಿರುವ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕೋಶಗಳಿಗೆ ದಾಟಿದರೆ ದ್ರವ ಕದಡುವುದಿಲ್ಲ, ಬಣ್ಣ ಬದಲಾಗಿಯೂ ಕಾಣುವುದಿಲ್ಲ. ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ ಅದಕ್ಕೆ ತಟ್ಟುವುದಿಲ್ಲ. ತಿಂಗಳುಗಟ್ಟಲೆ ಒಳಗೇ ಕೂತು ಪ್ರಯೋಗದ ಫಲಿತಾಂಶಗಳನ್ನೆಲ್ಲ ತಿರುಚುತ್ತದೆ. ಮಳೆಗಾಲದಲ್ಲಿ ಪುಣೆಯ ಲ್ಯಾಬ್‌ಗಳಲ್ಲಿ ಬೂಷ್ಟಿನ ಕಾಟ ಬೇರೆ. ಮಗಳು ಮನೆಗೆ ಬಂದ ಮೇಲೆ ಕೈ ತೊಳೆಯುವುದಕ್ಕಿಂತ ಲ್ಯಾಬ್‌ಗೆ ಹೋದ ಕೂಡಲೇ ತೊಳೆಯುವುದರಲ್ಲಿ ಹೆಚ್ಚು ಕಟ್ಟುನಿಟ್ಟಾಗಿರುತ್ತಾಳೆ, ಗಮನಿಸಿ.

ಇನ್ನು ಭಾನುವಾರ. ಕೋಶಗಳಿಗೆ ರಜೆ ಗೊತ್ತಿಲ್ಲ. ಗಣಪತಿ ವಿಸರ್ಜನೆಯ ದಿನ ಲಕ್ಷ್ಮಿ ರಸ್ತೆ ಬಂದ್ ಆದರೂ ಸುತ್ತಿಬಳಸಿ ಹೋಗಲೇಬೇಕು. ಆದರೆ ಸ್ವಲ್ಪ ಮುಂಚಿತವಾಗಿ ಯೋಜಿಸಿದರೆ ವಾರದ ರಜೆ ಉಳಿಯುತ್ತದೆ. ಫ್ಲಾಸ್ಕಿನಲ್ಲಿರುವ ಕೋಶಗಳನ್ನು ಶುಕ್ರವಾರ ಸಂಜೆ ಬಿಡಿಸಿ, ತೆಳುವಾಗಿ ಬಿತ್ತಿ, ಹೊಸ ದ್ರವ ಕೊಟ್ಟರೆ ಎಂಸಿಎಫ್-7ರಂಥವು ಸೋಮವಾರದವರೆಗೆ ಆರಾಮಾಗಿರುತ್ತವೆ. 48 ಗಂಟೆಯ ಪರೀಕ್ಷೆಯನ್ನು ಗುರುವಾರ ಬಿತ್ತಿ ಶುಕ್ರವಾರ ಔಷಧ ಹಾಕುವ ಅಭ್ಯಾಸ ಅವಳಿಗಿದ್ದರೆ ಭಾನುವಾರ ಹೋಗದೆ ವಿಧಿಯಿಲ್ಲ. ಸೋಮವಾರ ಬಿತ್ತಿ ಮಂಗಳವಾರ ಹಾಕಿದರೆ ಓದುವ ದಿನ ಗುರುವಾರ, ಪುಣೆಯಲ್ಲಿ ದುರಸ್ತಿಗೆಂದು ಕರೆಂಟ್ ತೆಗೆಯುವ ದಿನ. ಅವರಲ್ಲಿ ಜನರೇಟರ್ ನೆಚ್ಚಿಕೊಳ್ಳುವಂತಿದೆಯೋ ಇಲ್ಲವೋ ಅವಳಿಗೇ ಗೊತ್ತು. ಮಂಗಳವಾರ ಬಿತ್ತಿ, ಬುಧವಾರ ಔಷಧ ಹಾಕಿ, ಶುಕ್ರವಾರ ಓದಿದರೆ ಭಾನುವಾರವೂ ಮನೆಯಲ್ಲಿರಬಹುದು, ಯಂತ್ರದಲ್ಲಿ ತಟ್ಟೆ ಓದುವ ಕೆಲಸ ಗುರುವಾರಕ್ಕೂ ಬೀಳುವುದಿಲ್ಲ.